ಪೀಠಿಕೆ ಬಾಯಿಪಾಠವಾಗಿದೆ, ಪ್ರಶ್ನೆ ಓದುವುದು ಉಳಿದಿದೆ

ಮಾನ್ಯ ಸಂಪಾದಕರಿಗೆ,

ವಂದನೆಗಳು. ತಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಕಳೆದ ವಾರ ಕಾಲೇಜು ಪ್ರವೇಶ ಪರೀಕ್ಷೆಗಳ ಪ್ರಬಂಧ ವಿಭಾಗಕ್ಕೆ ತಯಾರಾಗುವ ಬಗೆಯನ್ನು ಕುರಿತ ಲೇಖನವೊಂದು ಪ್ರಕಟವಾಗಿತ್ತು. ಬರಬಹುದಾದ ಹತ್ತು ವಿಷಯಗಳನ್ನು ಆರಿಸಿಕೊಂಡು, ಒಂದೊಂದಕ್ಕೂ ಪೀಠಿಕೆ ಮತ್ತು ಉಪಸಂಹಾರಗಳನ್ನು ಬಾಯಿಪಾಠ ಮಾಡಿಟ್ಟುಕೊಂಡು, ನಡುವೆ ಅಲ್ಲಲ್ಲಿ ಮಹಾಪುರುಷರ ನುಡಿಮುತ್ತುಗಳನ್ನು ಪೋಣಿಸಿದರೆ ಅರ್ಧ ಯುದ್ಧ ಗೆದ್ದಂತೆ ಎಂಬುದು ಅದರ ಸಾರಾಂಶ. ಮೂವತ್ತು ವರ್ಷಕ್ಕೂ ಮಿಕ್ಕಿ ಗದಗ ಮತ್ತು ಧಾರವಾಡದ ಪದವಿಪೂರ್ವ ಕಾಲೇಜುಗಳಲ್ಲಿ ಕನ್ನಡ ಕಲಿಸಿ, ಪ್ರತಿ ಬೇಸಿಗೆಯಲ್ಲೂ ಮೌಲ್ಯಮಾಪನ ಕೇಂದ್ರದಲ್ಲಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದವನಾಗಿ, ಆ ಸಲಹೆಯನ್ನು ಓದಿ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಮಕ್ಕಳು ಪ್ರಬಂಧದಲ್ಲಿ ಸೋಲುವುದು ಪೀಠಿಕೆ ಗೊತ್ತಿಲ್ಲದ್ದರಿಂದಲ್ಲ, ಕೇಳಿದ ಪ್ರಶ್ನೆಯನ್ನು ಓದದೆ ಇರುವುದರಿಂದ ಎಂಬುದು ನನ್ನ ಅನುಭವ. ಸ್ಥಳಾವಕಾಶ ಮಾಡಿಕೊಟ್ಟರೆ ಅದನ್ನು ಸ್ವಲ್ಪ ವಿವರವಾಗಿ ನಿವೇದಿಸಿಕೊಳ್ಳುತ್ತೇನೆ.

ನಮ್ಮ ಭಾಗದ ಮಕ್ಕಳಿಗೆ ಈ ವಿಭಾಗವೇಕೆ ಗಂಟಲಲ್ಲಿ ಸಿಕ್ಕಿದ ಮುಳ್ಳಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ವಿಜ್ಞಾನ ವಿಭಾಗ ಸೇರಿದ ಹುಡುಗ ಅಥವಾ ಹುಡುಗಿಯ ಎರಡು ವರ್ಷಗಳು ಸರಿಯುತ್ತರದ ಗೋಲಕ್ಕೆ ಮಸಿ ತುಂಬುವುದರಲ್ಲೇ ಕಳೆಯುತ್ತವೆ. ನಮ್ಮ ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ; ನೀಟ್, ಜೆಇಇಗಳಲ್ಲೂ ವಾಕ್ಯ ಬರೆಯುವ ಪ್ರಮೇಯವಿಲ್ಲ. ಭಾಷಾ ವಿಷಯಗಳನ್ನು ಪಾಸಾದರೆ ಸಾಕೆಂದು ಪಕ್ಕಕ್ಕೆ ಸರಿಸಿ, ಒಂದು ಪುಟವನ್ನೂ ಸ್ವಂತವಾಗಿ ಬರೆಯದೆ ಪಿಯುಸಿ ಮುಗಿಸಿದ ಮಕ್ಕಳು ನನ್ನ ತರಗತಿಗಳಲ್ಲೇ ಎಷ್ಟೋ ಮಂದಿ ಇದ್ದರು. ಅಂಥವರ ಪೈಕಿ ಕೆಲವರಿಗಾದರೂ ಒಂದು ದಿನ ಬರೆಯುವ ಪರೀಕ್ಷೆ ಎದುರಾಗಿಯೇ ಆಗುತ್ತದೆ. ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಪದವಿ ಪ್ರವೇಶಕ್ಕೇ ಪ್ರಬಂಧ ಬರೆಸುತ್ತವೆ. ಪದವಿ ಮುಗಿಸಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮೂರು ವರ್ಷದ ಎಲ್‌ಎಲ್‌ಬಿಗೆ ಹೋಗುವವರು ಅದರ ಪ್ರವೇಶ ಪರೀಕ್ಷೆಯಲ್ಲಿ ವಿವರಣಾತ್ಮಕ ಉತ್ತರಗಳನ್ನು ಬರೆಯಬೇಕು. ಇನ್ನು ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಬಾಡಿಗೆ ಕೋಣೆ ಹಿಡಿದು ಓದುವ ಸಾವಿರಾರು ಯುವಕರ ಕನಸಾದ ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಂತೂ ಪ್ರಬಂಧಕ್ಕೇ ಪ್ರತ್ಯೇಕ ಪತ್ರಿಕೆಯಿದ್ದು, ಮೂರು ಗಂಟೆಯಲ್ಲಿ ಎರಡು ಪ್ರಬಂಧ ಬರೆದು 250 ಅಂಕಗಳಿಗೆ ಸೆಣಸಬೇಕು. ಬರವಣಿಗೆಯ ಅಭ್ಯಾಸವೇ ತಪ್ಪಿಹೋದ ಕೈಗೆ ಆಗ ಆಸರೆಯಾಗಿ ಸಿಗುವುದು ಗೈಡು ಮತ್ತು ಬಾಯಿಪಾಠ.

ಮೌಲ್ಯಮಾಪನದ ಕೊಠಡಿಯ ಒಂದು ಸಂಗತಿಯನ್ನು ಹೇಳಿದರೆ ನನ್ನ ಮಾತು ಸ್ಪಷ್ಟವಾದೀತು. ಒಂದು ವರ್ಷ ನನ್ನ ಮೇಜಿಗೆ ಬಂದ ಒಂದು ಕಟ್ಟಿನಲ್ಲಿ ಸಾಲಾಗಿ ಹನ್ನೊಂದು ಉತ್ತರಪತ್ರಿಕೆಗಳ ಪ್ರಬಂಧಗಳು ‘ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ’ ಎಂದೇ ಆರಂಭವಾಗಿದ್ದವು. ನಾಲ್ಕನೆಯ ಸಾಲಿನಲ್ಲಿ ‘ನಾಣ್ಯಕ್ಕೆ ಎರಡು ಮುಖಗಳಿರುವಂತೆ’ ಎಂದು ಹೊರಳಿ, ಕೊನೆಗೆ ‘ಎಂದರೆ ತಪ್ಪಾಗಲಾರದು’ ಎಂಬಲ್ಲಿ ಮುಗಿಯುತ್ತಿದ್ದವು. ನಕಲು ನಡೆದಿರಬಹುದೆಂದು ಅನುಮಾನಿಸಿ ಪಕ್ಕದ ಮೇಜಿನ ಹಿರಿಯ ಉಪನ್ಯಾಸಕರಿಗೆ ತೋರಿಸಿದೆ. ಅವರು ನಕ್ಕು ತಮ್ಮ ಕಟ್ಟನ್ನು ನನ್ನತ್ತ ತಳ್ಳಿದರು. ಅದು ಬೇರೆ ಜಿಲ್ಲೆಯದು, ಅಲ್ಲಿಯೂ ಅದೇ ಯುಗ, ಅದೇ ನಾಣ್ಯ. ಆ ಹನ್ನೊಂದರಲ್ಲಿ ಒಂಬತ್ತು ಮಕ್ಕಳು ಒಂದು ವಿಷಯವನ್ನೂ ಉಳಿದಿಬ್ಬರು ಇನ್ನೊಂದನ್ನೂ ಆರಿಸಿಕೊಂಡಿದ್ದರೆಂಬುದು ನನಗೆ ಹೊಳೆಯಲು ಸ್ವಲ್ಪ ಹೊತ್ತೇ ಬೇಕಾಯಿತು. ಯಾವ ತಲೆಗಾದರೂ ಹೊಂದುವ ಟೋಪಿ ನಿಜವಾಗಿ ಯಾವ ತಲೆಯ ಅಳತೆಯದೂ ಆಗಿರುವುದಿಲ್ಲವಷ್ಟೆ. ಮುದ್ರಣ ಕಾಶಿ ಎನಿಸಿಕೊಂಡ ಗದಗದಲ್ಲಿ ಹುಟ್ಟಿ ಬೆಳೆದವನಾದ ನನಗೆ ಅಚ್ಚಾದ ಪುಸ್ತಕದ ಮೇಲೆ ಗೌರವವಿದೆ. ಆದರೆ ಅಚ್ಚಿನ ಮೊಳೆಯಂತೆ ಮಕ್ಕಳನ್ನು ಜೋಡಿಸಿಡುವುದನ್ನು ಕಂಡಾಗ ಬೇಸರವಾಗುತ್ತದೆ.

ಈಗಿನ ಒಂದು ಉದಾಹರಣೆಯನ್ನು ಹೇಳುತ್ತೇನೆ. ಮಾಳಮಡ್ಡಿಯ ನಮ್ಮ ಓಣಿಯ ಹುಡುಗಿಯೊಬ್ಬಳು ಈ ವರ್ಷ ಇಂಥದೊಂದು ಪ್ರವೇಶ ಪರೀಕ್ಷೆಗೆ ಕೂರುತ್ತಿದ್ದಾಳೆ. ಆಕೆ ಸೇರಿದ್ದ ತರಬೇತಿ ಸಂಸ್ಥೆಯೊಂದರಲ್ಲಿ ಶುಲ್ಕ ಕಟ್ಟಿಸಿಕೊಂಡು ಇಪ್ಪತ್ತೆರಡು ಸಿದ್ಧ ಪ್ರಬಂಧಗಳ ಸ್ಪೈರಲ್ ಬೈಂಡಿಂಗ್ ಪುಸ್ತಕವನ್ನು ಕೈಗಿತ್ತಿದ್ದರು. ಮೂರು ತಿಂಗಳಲ್ಲಿ ಆಕೆ ಬರೆದುಕೊಟ್ಟ ಒಂದು ಪ್ರಬಂಧವೂ ಕೆಂಪು ಶಾಯಿಯ ಗುರುತು ಹೊತ್ತು ಮರಳಿ ಬಂದಿರಲಿಲ್ಲ. ಆಕೆಯ ತಂದೆ ಸಂಕೋಚದಿಂದಲೇ ನನ್ನ ಬಳಿ ಕರೆತಂದರು. ನಾನು ಒಂದು ಪ್ರಶ್ನೆ ಕೊಟ್ಟು ಗಡಿಯಾರವನ್ನು ಎದುರಿಗಿಟ್ಟೆ: ‘ನಗರಗಳಲ್ಲಿ ಸ್ವಂತ ವಾಹನಗಳ ಬಳಕೆಗೆ ಮಿತಿ ಹೇರಬೇಕೆ? ನಿಮ್ಮ ನಿಲುವನ್ನು ಕಾರಣಸಹಿತ ಬರೆಯಿರಿ.’ ನಲವತ್ತು ನಿಮಿಷಗಳಲ್ಲಿ ಆಕೆ ಎರಡೂವರೆ ಪುಟ ತುಂಬಿಸಿದಳು. ಮೊದಲ ಪುಟದಲ್ಲಿ ಚಕ್ರದ ಆವಿಷ್ಕಾರದಿಂದ ಹಿಡಿದು ಕೈಗಾರಿಕಾ ಕ್ರಾಂತಿಯವರೆಗಿನ ಇತಿಹಾಸವಿತ್ತು. ಎರಡನೆಯದರಲ್ಲಿ ವಾಯುಮಾಲಿನ್ಯದ ದುಷ್ಪರಿಣಾಮಗಳಿದ್ದವು. ಉಳಿದರ್ಧ ಪುಟದಲ್ಲಿ ಸರ್ಕಾರವೂ ಸಾರ್ವಜನಿಕರೂ ಕೈಜೋಡಿಸಬೇಕಾಗಿದೆ ಎಂಬ ಆಶಯವಿತ್ತು. ಅಕ್ಷರ ದುಂಡಗಿದ್ದವು, ಕಾಗುಣಿತ ತಪ್ಪಿರಲಿಲ್ಲ, ವಾಕ್ಯಗಳೂ ಓಡುತ್ತಿದ್ದವು. ಆದರೆ ಮಿತಿ ಹೇರಬೇಕೋ ಬೇಡವೋ ಎಂಬುದಕ್ಕೆ ಮಾತ್ರ ಎಲ್ಲಿಯೂ ಉತ್ತರವಿರಲಿಲ್ಲ.

ನಾನು ಪ್ರಶ್ನೆಪತ್ರಿಕೆಯಲ್ಲಿ ‘ಹೇರಬೇಕೆ’ ಎಂಬ ಒಂದೇ ಪದಕ್ಕೆ ಗೆರೆ ಎಳೆದು, ಇದಕ್ಕೆ ನೀನೇನು ಹೇಳುತ್ತಿ ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎರಡೂ ಬರೀಬೇಕಲ್ಲರಿ ಸರ್, ಅನುಕೂಲ, ಅನಾನುಕೂಲ’ ಎಂದಳು. ದಿನವೂ ಕಾಲೇಜಿಗೆ ಹೇಗೆ ಹೋಗುತ್ತೀ ಎಂದೆ. ಜುಬಿಲಿ ಸರ್ಕಲ್ಲಿನಲ್ಲಿ ತ್ವರಿತ ಸಾರಿಗೆಯ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಳಿಯುತ್ತಾಳೆ. ಆಮೇಲೆ ಮಾತು ತಾನಾಗಿಯೇ ಬಂತು. ರಸ್ತೆಯ ನಡುವಿನ ತನ್ನದೇ ಪಥದಲ್ಲಿ ಬಸ್ಸು ಯಾರಿಗೂ ಕಾಯದೆ ಓಡುವಾಗ ಪಕ್ಕದ ಪಥದ ಕಾರುಗಳು ಸಾಲುಗಟ್ಟಿ ನಿಂತಿರುವುದು. ಅದೇ ಬಸ್ಸು ಊರೊಳಗಿನ ಸಾಮಾನ್ಯ ರಸ್ತೆಗೆ ಇಳಿದ ಕೂಡಲೇ ಆಟೋ, ಬೈಕುಗಳ ಹಿಂದೆ ತಾನೂ ತೆವಳುವುದು. ಬಸ್ಸಿಗಾಗಿ ಪ್ರತ್ಯೇಕ ದಾರಿ ಕೊಟ್ಟಿದ್ದರಿಂದ ತಮಗೆ ರಸ್ತೆ ಕಿರಿದಾಯಿತೆಂದು ಬೈಕಿನವರು ಗೊಣಗುವುದು. ಕಲಘಟಗಿ ಕಡೆಯ ಹಳ್ಳಿಯಲ್ಲಿರುವ ತನ್ನ ಸೋದರಮಾವನಿಗೆ ಸಂಜೆಯ ಬಸ್ಸು ತಪ್ಪಿದರೆ ಬೈಕಿಲ್ಲದೆ ಗತಿಯೇ ಇಲ್ಲದಿರುವುದು. ಇವೆಲ್ಲವೂ ಆಕೆಗೆ ಗೊತ್ತಿದ್ದವು. 2018ರಿಂದ ಅವಳಿ ನಗರಗಳ ನಡುವಿನ ಸುಮಾರು 22 ಕಿಲೋಮೀಟರ್ ದಾರಿಯಲ್ಲಿ ಓಡಾಡುತ್ತಿರುವ ಈ ಬಸ್ಸು ಆಕೆಯ ಪಾಲಿಗೆ ಪ್ರತಿದಿನದ ಪ್ರಯೋಗಶಾಲೆ; ಆದರೆ ಪ್ರಬಂಧ ಬರೆಯುವಾಗ ಅದು ಬರೆಯತಕ್ಕ ವಿಷಯವೆಂದೇ ಆಕೆಗೆ ಅನ್ನಿಸಿರಲಿಲ್ಲ. ಪ್ರಬಂಧವೆಂದರೆ ದೊಡ್ಡ ದೊಡ್ಡ ಮಾತು, ಚಿಗರಿ ಎಂದರೆ ಪಾಸು ತೋರಿಸಿ ಹತ್ತುವ ಬಸ್ಸು.

ಮರುದಿನ ಅದೇ ಪ್ರಶ್ನೆಗೆ ಆಕೆ ಎರಡನೆಯ ಬಾರಿ ಬರೆದುತಂದ ಪ್ರಬಂಧ ಒಂದೂವರೆ ಪುಟಕ್ಕೆ ಇಳಿದಿತ್ತು. ಅದರ ಮೊದಲ ವಾಕ್ಯ ಹೀಗಿತ್ತು: ‘ಬಸ್ಸಿಗೆ ದಾರಿ ಬಿಟ್ಟುಕೊಟ್ಟ ಮೇಲೆಯೇ ಬೈಕಿಗೆ ಮಿತಿ ಹೇರುವುದು ನ್ಯಾಯ.’ ನಿಲುವು ಬಂತು, ಷರತ್ತೂ ಬಂತು. ಸೋದರಮಾವನ ಬೈಕು ಮೂರನೆಯ ಪರಿಚ್ಛೇದದಲ್ಲಿ ಆಕ್ಷೇಪವಾಗಿ ಬಂದು, ಮಿತಿ ಎಂಬುದು ಬಸ್ಸಿರುವ ದಾರಿಗೆ ಮಾತ್ರ ಅನ್ವಯಿಸಬೇಕೆಂಬ ಉತ್ತರವನ್ನೂ ಪಡೆಯಿತು. ಮೊದಲನೆಯದಕ್ಕೆ ಹತ್ತಕ್ಕೆ ನಾಲ್ಕು ಕೊಟ್ಟಿದ್ದ ನಾನು ಇದಕ್ಕೆ ಏಳೂವರೆ ಕೊಟ್ಟೆ. ಉಳಿದ ಎರಡೂವರೆ ಅಂಕ ಹೋದದ್ದು ಕೊನೆಯಲ್ಲಿ ಅದೇ ಸರ್ಕಾರ ಮತ್ತು ಸಾರ್ವಜನಿಕರು ಮತ್ತೆ ಕೈಜೋಡಿಸಿದ್ದಕ್ಕೆ.

ಈ ತಪ್ಪಿಗೆ ಮಕ್ಕಳನ್ನಷ್ಟೇ ಹೊಣೆ ಮಾಡುವಂತಿಲ್ಲ. ಕಲಿಸಿದ ನಾವೂ ಹೊಣೆಗಾರರು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಶೀರ್ಷಿಕೆಗಳ ಕೆಳಗೆ ಗೆರೆ ಎಳೆದು ಬರೆಯುವುದನ್ನು ಶಾಲೆಯಲ್ಲಿ ರೂಢಿ ಮಾಡಿಸಿದವರು ನಾವೇ. ‘ಗ್ರಂಥಾಲಯಗಳ ಮಹತ್ವ’, ‘ಪರಿಸರ ಸಂರಕ್ಷಣೆ’, ‘ಸಾಮಾಜಿಕ ಪಿಡುಗುಗಳು’ ಎಂಬಂಥ ವಿಷಯಗಳಿಗೆ ಆ ಚೌಕಟ್ಟು ತಕ್ಕಮಟ್ಟಿಗೆ ಸಾಕು, ಏಕೆಂದರೆ ಅಲ್ಲಿ ಕೇಳುವುದು ವಿವರಣೆಯನ್ನು. ಗ್ರಂಥಾಲಯಕ್ಕೆ ಮಹತ್ವವಿಲ್ಲವೆಂದು ಯಾರೂ ವಾದಿಸುವುದಿಲ್ಲ. ಪ್ರವೇಶ ಪರೀಕ್ಷೆಯ ಪ್ರಬಂಧ ಬೇರೆ ಜಾತಿಯದು. ಅದು ಒಂದು ಪ್ರಶ್ನೆಯನ್ನು ಕೇಳುತ್ತದೆ ಮತ್ತು ಅದಕ್ಕೆ ಒಪ್ಪುವ, ಒಪ್ಪದಿರುವ, ಇಂಥಷ್ಟು ಮಾತ್ರ ಒಪ್ಪುವ ಉತ್ತರವನ್ನು ಕಾರಣಗಳೊಂದಿಗೆ ಅಪೇಕ್ಷಿಸುತ್ತದೆ. ‘ಚರ್ಚಿಸಿ’, ‘ವಿಮರ್ಶಿಸಿ’, ‘ಸಮರ್ಥಿಸಿ’, ‘ಹೋಲಿಸಿ’ ಎಂಬ ನಾಲ್ಕು ಕ್ರಿಯಾಪದಗಳ ನಡುವಿನ ಅಂತರವನ್ನು ನಮ್ಮ ತರಗತಿಗಳಲ್ಲಿ ಎಂದಾದರೂ ಬಿಡಿಸಿ ಹೇಳಿದ್ದೇವೆಯೇ? ನಾನು ನಿವೃತ್ತಿಗೆ ಐದಾರು ವರ್ಷ ಇರುವತನಕ ಹೇಳಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು.

ಪ್ರಶ್ನೆಯನ್ನು ಓದುವುದು ಎಷ್ಟು ನಿರ್ಣಾಯಕ ಎಂಬುದಕ್ಕೆ ಹೊರದೇಶದ ಪರೀಕ್ಷೆಗಳಲ್ಲಿ ಒಳ್ಳೆಯ ನಿದರ್ಶನಗಳಿವೆ. ಅಮೆರಿಕದ ಕಾಲೇಜುಗಳಿಗೆ ಹೋಗುವವರು ಬರೆಯುವ ಎಸಿಟಿ ಪರೀಕ್ಷೆಯ ಐಚ್ಛಿಕ ಬರವಣಿಗೆ ವಿಭಾಗಕ್ಕೆ 40 ನಿಮಿಷಗಳು. ಅಲ್ಲಿ ಒಂದು ಸಾರ್ವಜನಿಕ ಸಮಸ್ಯೆಯನ್ನೂ ಅದರ ಮೇಲಿನ ಮೂರು ದೃಷ್ಟಿಕೋನಗಳನ್ನೂ ಕೊಟ್ಟಿರುತ್ತಾರೆ. ವಿದ್ಯಾರ್ಥಿ ತನ್ನ ನಿಲುವನ್ನು ಮಂಡಿಸಿ, ಆ ಮೂರರಲ್ಲಿ ಒಂದರೊಂದಿಗಾದರೂ ಅದು ಎಲ್ಲಿ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ತೋರಿಸಬೇಕು. ವಿಚಾರ ಮತ್ತು ವಿಶ್ಲೇಷಣೆ, ಬೆಳವಣಿಗೆ ಮತ್ತು ಸಮರ್ಥನೆ, ಸಂಘಟನೆ, ಭಾಷಾಬಳಕೆ ಎಂಬ ನಾಲ್ಕು ತಕ್ಕಡಿಗಳಲ್ಲಿ ಅದನ್ನು ತೂಗುತ್ತಾರೆ. ಭಾಷೆ ನಾಲ್ಕರಲ್ಲಿ ಒಂದು ಮಾತ್ರ ಎಂಬುದನ್ನು ಇಂಗ್ಲಿಷಿಗೆ ಹೆದರುವ ನಮ್ಮ ಮಕ್ಕಳು ಗಮನಿಸಬೇಕು. ಇನ್ನೊಂದು ಪರೀಕ್ಷೆಯಾದ ಸ್ಯಾಟ್‌ನಲ್ಲಿ 2016ರಿಂದ ಇದ್ದ ಪ್ರಬಂಧ ಇದಕ್ಕೆ ತೀರ ವಿರುದ್ಧ. ಅಲ್ಲಿ ಒಂದು ಲೇಖನವನ್ನು ಕೊಟ್ಟು, ಆ ಲೇಖಕ ತನ್ನ ವಾದವನ್ನು ಹೇಗೆ ಕಟ್ಟಿದ್ದಾನೆ ಎಂಬುದನ್ನು 50 ನಿಮಿಷಗಳಲ್ಲಿ ಬಿಡಿಸಿ ತೋರಿಸಲು ಹೇಳುತ್ತಿದ್ದರು. ನೀವು ಅವನ ಮಾತನ್ನು ಒಪ್ಪುತ್ತೀರೋ ಇಲ್ಲವೋ ಎಂಬುದನ್ನು ಬರೆಯಕೂಡದೆಂದು ಪ್ರಶ್ನೆಯಲ್ಲೇ ಸೂಚನೆ ಇರುತ್ತಿತ್ತು. ಒಂದು ಪರೀಕ್ಷೆ ನಿಮ್ಮ ಅಭಿಪ್ರಾಯವಿಲ್ಲದೆ ಮುಂದೆ ಸಾಗುವುದಿಲ್ಲ, ಇನ್ನೊಂದು ನಿಮ್ಮ ಅಭಿಪ್ರಾಯವನ್ನೇ ಬೇಡವೆನ್ನುತ್ತಿತ್ತು. ಇಂಥ ಎರಡಕ್ಕೂ ಒಂದೇ ಸಿದ್ಧ ಪೀಠಿಕೆಯನ್ನು ಹಿಡಿದು ಹೋದವನ ಗತಿಯನ್ನು ಊಹಿಸಬಹುದು.

ಇಲ್ಲೊಂದು ಆಕ್ಷೇಪವನ್ನು ನಾನೇ ಎತ್ತಬೇಕು, ಇಲ್ಲವಾದರೆ ಯಾರಾದರೂ ಎತ್ತುತ್ತಾರೆ. ಉದ್ದ ಬರೆದವರಿಗೇ ಹೆಚ್ಚು ಅಂಕ ಬರುತ್ತದೆ ಎಂಬ ನಂಬಿಕೆ ಸುಳ್ಳೇನೂ ಅಲ್ಲ. ಇದೇ ಸ್ಯಾಟ್‌ಗೆ 2005ರಲ್ಲಿ ಮೊದಲ ಸಲ 25 ನಿಮಿಷಗಳ ಪ್ರಬಂಧವನ್ನು ಸೇರಿಸಿದಾಗ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್ಮನ್ ಎಂಬವರು ಪರೀಕ್ಷಾ ಮಂಡಳಿ ಬಹಿರಂಗಪಡಿಸಿದ ಮಾದರಿ ಉತ್ತರಗಳ ಪದಗಳನ್ನು ಎಣಿಸಿ, ಉದ್ದ ಹೆಚ್ಚಿದಷ್ಟೂ ಅಂಕ ಏರುತ್ತಿದೆ ಎಂದು ತೋರಿಸಿದ್ದರು. ಸಂಗತಿಗಳು ತಪ್ಪಾಗಿದ್ದರೂ ಅದಕ್ಕೆ ಅಂಕ ಕಳೆಯುವ ಪದ್ಧತಿ ಅಲ್ಲಿರಲಿಲ್ಲ ಎಂಬುದನ್ನೂ ಅವರು ಎತ್ತಿ ಆಡಿದರು. ಆದರೆ ಆ ಪ್ರಬಂಧದ ಕತೆ ಏನಾಯಿತು? 2016ರಲ್ಲಿ ಅದನ್ನು ಬದಲಾಯಿಸಿ ಐಚ್ಛಿಕ ಮಾಡಿದರು, 2021ರಲ್ಲಿ ಸಾಮಾನ್ಯ ಪರೀಕ್ಷೆಯಿಂದ ಕೈಬಿಟ್ಟರು. ಚೀನಾದ ಗಾವೊಕಾವೊ ಪ್ರವೇಶ ಪರೀಕ್ಷೆಯಲ್ಲಿ ಚೀನಿ ಭಾಷೆಯ 150 ಅಂಕಗಳಲ್ಲಿ 60 ಅಂಕ ಒಂದೇ ಪ್ರಬಂಧಕ್ಕೆ ಮೀಸಲಾಗಿದ್ದು, 800 ಅಕ್ಷರಗಳಿಗೆ ಕಡಿಮೆಯಾಗದಂತೆ ಬರೆಯಬೇಕು. ಫ್ರಾನ್ಸಿನಲ್ಲಿ ಶಾಲಾಂತ್ಯದ ಬಾಕಲೋರಿಯ ಪರೀಕ್ಷೆಯ ತತ್ತ್ವಶಾಸ್ತ್ರ ಪತ್ರಿಕೆಗೆ ನಾಲ್ಕು ಗಂಟೆ ಕೂರಿಸುತ್ತಾರೆ. ಅಲ್ಲೆಲ್ಲ ಉದ್ದಕ್ಕೆ ಜಾಗವಿದೆ. ನಲವತ್ತು ನಿಮಿಷದ ಪ್ರಬಂಧದಲ್ಲಿ ಚಕ್ರದ ಆವಿಷ್ಕಾರಕ್ಕೆ ಜಾಗವಿಲ್ಲ.

ಹಾಗಾದರೆ ಆ ನಲವತ್ತು ನಿಮಿಷಗಳನ್ನು ಹೇಗೆ ಕಳೆಯಬೇಕು? ನಾನು ಮಕ್ಕಳಿಗೆ ಮೊದಲ ಎಂಟು ನಿಮಿಷ ಉತ್ತರಪತ್ರಿಕೆಯನ್ನು ಮುಟ್ಟಗೊಡುವುದಿಲ್ಲ. ಇದು ಅವರಿಗೆ ಪ್ರಾಣಸಂಕಟ. ಪಕ್ಕದವನ ಪೆನ್ನಿನ ಸದ್ದು ಕೇಳಿದೊಡನೆ ತನ್ನದೂ ಓಡಬೇಕೆನಿಸುತ್ತದೆ. ಆ ಎಂಟು ನಿಮಿಷದಲ್ಲಿ ಮೊದಲು ಪ್ರಶ್ನೆಯ ಕ್ರಿಯಾಪದಕ್ಕೆ ಗೆರೆ ಎಳೆಯಬೇಕು, ಬಳಿಕ ಆ ಪ್ರಶ್ನೆಗೆ ತನ್ನ ಉತ್ತರವನ್ನು ಓಣಿಯ ಗೆಳತಿಗೆ ಹೇಳುವಷ್ಟು ಸರಳವಾಗಿ ಒಂದೇ ವಾಕ್ಯದಲ್ಲಿ ಕಚ್ಚಾ ಹಾಳೆಯ ಮೇಲೆ ಬರೆದುಕೊಳ್ಳಬೇಕು, ಆಮೇಲೆ ಏಕೆ ಎಂದು ತನ್ನನ್ನೇ ಎರಡು ಸಲ ಕೇಳಿಕೊಂಡು ಎರಡು ಕಾರಣಗಳನ್ನೂ, ಆದರೆ ಎಂದು ಒಂದು ಸಲ ಕೇಳಿಕೊಂಡು ಒಂದು ಆಕ್ಷೇಪವನ್ನೂ ಗುರುತು ಹಾಕಿಕೊಳ್ಳಬೇಕು. ಆ ‘ಆದರೆ’ ಬಹಳ ಮುಖ್ಯ. ಎದುರಾಳಿಯ ಅತ್ಯುತ್ತಮ ಮಾತನ್ನು ತಾನೇ ಹೇಳಿ ಅದಕ್ಕೆ ಉತ್ತರಿಸುವ ವಿದ್ಯಾರ್ಥಿಯ ಪತ್ರಿಕೆ ಬಂದಾಗ ದಣಿದ ಪರೀಕ್ಷಕನೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾನೆ. ಕೊನೆಯ ಐದು ನಿಮಿಷ ಓದಿ ತಿದ್ದುವುದಕ್ಕೆ ಬೇಕೇ ಬೇಕು. ಉಳಿದ ಇಪ್ಪತ್ತೇಳು ನಿಮಿಷದಲ್ಲಿ ತನ್ನ ಕೈ ಎಷ್ಟು ಬರೆಯಬಲ್ಲದೆಂಬುದನ್ನು ಮನೆಯಲ್ಲೇ ಗಡಿಯಾರವಿಟ್ಟು ಅಳೆದುಕೊಂಡಿರಬೇಕು. ಕೈಬರಹದ ಚರ್ಚೆಗೆ ನಾನು ಹೋಗುವುದಿಲ್ಲ. ಓದಲು ಬಂದರೆ ಸಾಕು.

ಸಾಮಗ್ರಿಯ ಮಾತಿಗೆ ಬರೋಣ. ಮಕ್ಕಳು ಸಾಮಗ್ರಿಗಾಗಿ ದೂರ ದೂರ ಹುಡುಕುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಪ್ರಬಂಧದ ಮಟ್ಟಿಗೆ ನೂರಕ್ಕೆ ನೂರು ಖರೆ. ರೈತರಿಗೆ ಮಾರುಕಟ್ಟೆಯಲ್ಲಿ ರಕ್ಷಣೆ ಬೇಕೇ ಎಂಬ ಪ್ರಶ್ನೆ ಬಂದರೆ ಹಾವೇರಿ ಜಿಲ್ಲೆಯ ಹುಡುಗ ‘ರೈತ ದೇಶದ ಬೆನ್ನೆಲುಬು’ ಎಂದು ಬರೆದು ಪುಟ ತಿರುವುತ್ತಾನೆ. ಅವನ ಅಪ್ಪ ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೋಗಿ ಟೆಂಡರಿನ ದರಕ್ಕಾಗಿ ಸಂಜೆಯವರೆಗೆ ಕಾದಿರುತ್ತಾನೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಕಾರಣಕ್ಕೇ ಆ ಕಾಯಿಗೆ ಬೇಡಿಕೆ, ಅದರಿಂದ ಬಣ್ಣದ ಸಾರವನ್ನೂ ತೆಗೆಯುತ್ತಾರೆ ಎಂಬುದು ಅವನ ಮನೆಯ ಕೂಸಿಗೂ ಗೊತ್ತು. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಅದೇ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ವಾಹನಗಳಿಗೆ ಬೆಂಕಿ ಹಚ್ಚುವವರೆಗೆ ಹೋದದ್ದನ್ನು ಪತ್ರಿಕೆಗಳೆಲ್ಲ ಬರೆದವು. ಬೆಳಿಗ್ಗೆ ಇದ್ದ ಆಸೆ ಸಂಜೆಗೆ ಹೇಗೆ ಸಿಟ್ಟಾಗುತ್ತದೆ ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಬರೆದು, ಅಲ್ಲಿಂದ ದರದ ರಕ್ಷಣೆ ಯಾವ ರೂಪದಲ್ಲಿರಬೇಕು ಎಂಬ ವಾದಕ್ಕೆ ಏರಿದರೆ ಅದು ಬೇರೆ ಯಾರೂ ಬರೆಯಲಾಗದ ಪ್ರಬಂಧವಾಗುತ್ತದೆ. ಹಾಗೆಯೇ ಸಹಕಾರ ತತ್ತ್ವ ಇಂದಿಗೂ ಪ್ರಸ್ತುತವೇ ಎಂದು ಕೇಳಿದರೆ ಗದಗದ ಮಕ್ಕಳು ಬೇರೆಲ್ಲಿಗೂ ಹೋಗಬೇಕಾಗಿಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಆ ಊರಿನ ದಾರಿಯಲ್ಲಿ ದಿನವೂ ಓಡಾಡುವ ಮಕ್ಕಳು ಯುರೋಪಿನ ಸಹಕಾರ ಚಳವಳಿಯ ಇತಿಹಾಸವನ್ನು ಗೈಡಿನಿಂದ ಎತ್ತಿ ಬರೆದದ್ದನ್ನು ನಾನು ಕಂಡಿದ್ದೇನೆ. ಒಂದು ಎಚ್ಚರಿಕೆಯೂ ಬೇಕು. ಊರಿನ ಉದಾಹರಣೆ ಪ್ರಶ್ನೆಗೆ ಉತ್ತರವಾಗಿ ಬರಬೇಕೇ ಹೊರತು, ಊರಿನ ವರ್ಣನೆಯೇ ಪ್ರಬಂಧವಾಗಬಾರದು. ಚಿಗರಿ ಬಸ್ಸಿನ ಹುಡುಗಿ ಮೂರನೆಯ ವಾರ ಕೃತಕ ಬುದ್ಧಿಮತ್ತೆಯ ಪ್ರಶ್ನೆಗೂ ಚಿಗರಿಯನ್ನು ತರಲು ನೋಡಿದಳು. ಅದನ್ನು ಹೊಡೆದು ಹಾಕಿದೆ.

ನುಡಿಮುತ್ತುಗಳ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ಗಾಂಧೀಜಿ, ವಿವೇಕಾನಂದ, ಅಬ್ದುಲ್ ಕಲಾಂ ಇವರು ಎಂದೂ ಆಡದ ಮಾತುಗಳನ್ನು ಅವರ ಹೆಸರಿನಲ್ಲಿ ಬರೆಯುವುದು ಇಂದು ಸಾಮಾನ್ಯವಾಗಿದೆ. ವಾಟ್ಸ್‌ಆ್ಯಪ್‌ನಲ್ಲಿ ಹೂವಿನ ಚಿತ್ರದೊಂದಿಗೆ ಬಂದ ವಾಕ್ಯ ಉತ್ತರಪತ್ರಿಕೆಯಲ್ಲಿ ಐನ್‌ಸ್ಟೈನರದಾಗುತ್ತದೆ. ಅಂಕಿಅಂಶಗಳ ಗತಿಯೂ ಇಷ್ಟೇ. ‘ಸಮೀಕ್ಷೆಯೊಂದರ ಪ್ರಕಾರ ಶೇ 70ರಷ್ಟು’ ಎಂದು ಬರೆದ ಹುಡುಗನನ್ನು ಯಾವ ಸಮೀಕ್ಷೆ ಎಂದು ಕೇಳಿದರೆ ‘ಹಂಗ ಬರದ್ರ ತೂಕ ಬರ್ತದ್ರಿ’ ಎಂದ. ತೂಕದ ಬಟ್ಟಿಗೆ ಮುದ್ರೆ ಇಲ್ಲದಿದ್ದರೆ ಸಂತೆಯಲ್ಲಿ ಕೂಡ ಪ್ರಶ್ನಿಸುತ್ತಾರೆ. ತನಗೆ ಖಚಿತವಾಗಿ ತಿಳಿದ ಒಂದು ಇಸವಿ, ಒಂದು ಊರು, ಒಂದು ಕಾಯ್ದೆ ಸಾಕು; ಖಚಿತವಿಲ್ಲದಿದ್ದರೆ ಕಣ್ಣಾರೆ ಕಂಡದ್ದನ್ನು ಬರೆಯಬಹುದು, ಅದಕ್ಕೆ ಯಾವ ಪರೀಕ್ಷಕನೂ ಅಡ್ಡಿ ಹೇಳುವುದಿಲ್ಲ.

ಇಂಗ್ಲಿಷಿನಲ್ಲಿ ಬರೆಯಬೇಕಾದ ಕನ್ನಡ ಮಾಧ್ಯಮದ ಮಕ್ಕಳ ಕಷ್ಟ ಬೇರೆಯೇ. ಮುಂಡರಗಿ, ಶಿರಹಟ್ಟಿ, ಹಾನಗಲ್ಲ ಕಡೆಯಿಂದ ಬಂದ ಮಕ್ಕಳು ವಿಚಾರದಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ಇಂಗ್ಲಿಷ್ ಎಂದ ಕೂಡಲೇ ಬಾಯಿಪಾಠದ ವಾಕ್ಯಗಳ ಹಿಂದೆ ಅಡಗುತ್ತಾರೆ. ಅವರಿಗೆ ನಾನು ಹೇಳುವುದು, ಕಚ್ಚಾ ಹಾಳೆಯ ಮೇಲಿನ ಯೋಚನೆಯೆಲ್ಲ ಕನ್ನಡದಲ್ಲೇ ನಡೆಯಲಿ, ಬರೆಯುವಾಗ ಒಂದು ವಾಕ್ಯಕ್ಕೆ ಒಂದೇ ಸಂಗತಿ ಇರಲಿ ಎಂದು. ಕನ್ನಡದಲ್ಲಿ ‘ಮಾಡಿ, ಹೋಗಿ, ನೋಡಿ, ಬಂದು’ ಎಂದು ವಾಕ್ಯವನ್ನು ಎಷ್ಟು ದೂರವಾದರೂ ಒಯ್ಯಬಹುದು, ಕ್ರಿಯಾಪದ ಕೊನೆಯಲ್ಲಿ ಬಂದು ಎಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ. ಅದೇ ಉದ್ದವನ್ನು ಇಂಗ್ಲಿಷಿಗೆ ಹೊತ್ತೊಯ್ದರೆ ನಡುದಾರಿಯಲ್ಲಿ ಕರ್ತೃ ಕಳೆದುಹೋಗುತ್ತಾನೆ. ಇಂಗ್ಲಿಷ್ ಉಪನ್ಯಾಸಕರೊಬ್ಬರು ನನ್ನ ಈ ಸಲಹೆಯನ್ನು ಒಪ್ಪುವುದಿಲ್ಲ, ಆಯಾ ಭಾಷೆಯಲ್ಲೇ ಯೋಚಿಸಬೇಕೆನ್ನುತ್ತಾರೆ. ಹತ್ತು ವರ್ಷದಲ್ಲಿ ಅದು ಸಾಧ್ಯವಾದೀತು, ಪರೀಕ್ಷೆಗೆ ಉಳಿದಿರುವುದು ಹತ್ತು ವಾರ.

ಬಾಯಿಪಾಠವನ್ನು ಸಮರ್ಥಿಸುವ ಸ್ನೇಹಿತರೊಬ್ಬರ ಮಾತನ್ನೂ ಇಲ್ಲಿ ದಾಖಲಿಸಬೇಕು. ಏನೂ ಬಾರದ ಮಗುವಿಗೆ ಸಿದ್ಧ ಪೀಠಿಕೆ ಧೈರ್ಯ ಕೊಡುತ್ತದೆ, ಖಾಲಿ ಹಾಳೆಯ ಹೆದರಿಕೆ ಹೋಗುತ್ತದೆ ಎಂಬುದು ಅವರ ವಾದ. ಇದರಲ್ಲಿ ಸತ್ಯವಿದೆ. ಆದರೆ ಆ ಧೈರ್ಯ ಎರಡನೆಯ ಪರಿಚ್ಛೇದದವರೆಗೆ ಮಾತ್ರ. ಅಲ್ಲಿ ಸ್ವಂತ ವಾಕ್ಯ ಬರೆಯಬೇಕಾದಾಗ ಭಾಷೆಯ ಮಟ್ಟ ದಿಢೀರನೆ ಕುಸಿದು, ಹೊಲಿಗೆ ಎಲ್ಲಿದೆ ಎಂಬುದು ಪರೀಕ್ಷಕನಿಗೆ ಎದ್ದು ಕಾಣುತ್ತದೆ. ಅಷ್ಟಕ್ಕೂ ಉರು ಹೊಡೆಯಲೇಬೇಕೆಂದರೆ ‘ಹಾಗಿದ್ದರೂ’, ‘ಇದಕ್ಕೆ ಕಾರಣ’, ‘ಇದನ್ನು ಒಪ್ಪಿದರೂ’ ಎಂಬಂಥ ಜೋಡಣೆಯ ಪದಗಳನ್ನು ಹೊಡೆಯಲಿ. ಅವು ಯಾವ ಪ್ರಶ್ನೆಗಾದರೂ ಬೇಕಾಗುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ತೊಡಕು ಉಳಿಯುತ್ತದೆ: ತಿದ್ದುವವರು ಯಾರು? ಎಂಬತ್ತು ತೊಂಬತ್ತು ಮಕ್ಕಳ ತರಗತಿಯಲ್ಲಿ ವಾರಕ್ಕೊಂದು ಪ್ರಬಂಧ ಬರೆಸಿ ತಿದ್ದಿಕೊಡುವುದು ಉಪನ್ಯಾಸಕರೊಬ್ಬರ ಕೈಮೀರಿದ ಕೆಲಸ, ಅದನ್ನು ಬಲ್ಲೆ. ನಾನು ಕೊನೆಯ ವರ್ಷಗಳಲ್ಲಿ ಮಾಡಿಕೊಂಡ ಉಪಾಯವೆಂದರೆ ಮಕ್ಕಳನ್ನು ಜೋಡಿ ಮಾಡಿ, ಒಬ್ಬರ ಪ್ರಬಂಧವನ್ನು ಇನ್ನೊಬ್ಬರಿಗೆ ಕೊಟ್ಟು, ಪ್ರಶ್ನೆಯನ್ನು ಮರೆಮಾಡಿ, ಈ ಪ್ರಬಂಧ ಯಾವ ಪ್ರಶ್ನೆಗೆ ಉತ್ತರ ಎಂದು ಊಹಿಸಿ ಬರೆಯಲು ಹೇಳುವುದು. ಊಹೆ ಮೂಲ ಪ್ರಶ್ನೆಗೆ ಹತ್ತಿರ ಬಂದರೆ ಪ್ರಬಂಧ ಸರಿಯಿದೆ. ‘ವಾಹನಗಳು’ ಎಂದಷ್ಟೇ ಊಹಿಸಿದರೆ ಬರೆದವನಿಗೆ ತನ್ನ ತಪ್ಪು ನಾನು ಹೇಳದೆಯೇ ತಿಳಿಯುತ್ತಿತ್ತು. ಇದಕ್ಕೆ ಕೆಂಪು ಶಾಯಿಯೂ ಬೇಡ, ಶುಲ್ಕವೂ ಬೇಡ. ಹತ್ತು ನಿಮಿಷ ಸಾಕು. ತಿದ್ದಿದ ಮೇಲೆ ಅದೇ ಪ್ರಶ್ನೆಗೆ ಎರಡನೆಯ ಬಾರಿ ಬರೆಸುವುದನ್ನು ಮಾತ್ರ ಬಿಡಕೂಡದು. ಹತ್ತು ಪ್ರಶ್ನೆಗಳಿಗೆ ಒಂದೊಂದು ಸಲ ಬರೆದವರಿಗಿಂತ ಐದು ಪ್ರಶ್ನೆಗಳಿಗೆ ಎರಡೆರಡು ಸಲ ಬರೆದವರು ಹೆಚ್ಚು ಸುಧಾರಿಸಿದ್ದನ್ನು ನಾನು ಕಂಡಿದ್ದೇನೆ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಶಿಕ್ಷಣ ಪುಟದಲ್ಲಿ ‘ಮಾದರಿ ಪ್ರಬಂಧ’ ಎಂಬ ತಲೆಬರಹದ ಕೆಳಗೆ ತಪ್ಪಿಲ್ಲದ, ಯಾರದೂ ಅಲ್ಲದ ಪ್ರಬಂಧಗಳನ್ನು ಅಚ್ಚು ಹಾಕುವ ಬದಲು, ವಾರಕ್ಕೊಂದು ಪ್ರಶ್ನೆಯನ್ನು ಕೊಟ್ಟು, ಅದಕ್ಕೆ ವಿದ್ಯಾರ್ಥಿಯೊಬ್ಬರು ಬರೆದ ಮೊದಲ ಕರಡನ್ನು ಎಡ ಅಂಕಣದಲ್ಲಿಯೂ ತಿದ್ದಿ ಬರೆದ ಎರಡನೆಯದನ್ನು ಬಲ ಅಂಕಣದಲ್ಲಿಯೂ ಪಕ್ಕಪಕ್ಕದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಹೆಸರು ಬೇಕಾಗಿಲ್ಲ, ಊರು ಸಾಕು. ಮೊದಲ ವಾರಕ್ಕೆ ಬೇಕಾದರೆ ನಮ್ಮ ಓಣಿಯ ಹುಡುಗಿಯ ಎರಡೂ ಕರಡುಗಳನ್ನು ಕಳಿಸಿಕೊಡಲು ಸಿದ್ಧನಿದ್ದೇನೆ. ಆಕೆಯನ್ನು ಕೇಳಿದೆ, ಒಪ್ಪಿದ್ದಾಳೆ. ಮೊದಲ ಕರಡಿನ ಚಕ್ರದ ಪುಟವನ್ನು ಮಾತ್ರ ಬಿಡಬೇಕಂತೆ. ಅದನ್ನೂ ಸೇರಿಸಿಯೇ ಹಾಕಬೇಕೆಂದು ನಾನು ಇನ್ನೂ ಒಪ್ಪಿಸುತ್ತಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಉಪನ್ಯಾಸಕ,
ಮಾಳಮಡ್ಡಿ, ಧಾರವಾಡ